ನಡುದಾರಿಯ ಬಂದರು

ಕಡಲಿನ ಮೇಲೆ ಹೋಗುವವರಿಗೆ ನಡುವೆ ಒಂದು ಬಂದರಿನಲ್ಲಿ ಇಳಿದುಬಿಡುವುದು ಒಂದು ಕಾಲಕ್ಕೆ ವಿಶೇಷವೆನಿಸುವ ಸಂಗತಿಯಾಗಿರಲಿಲ್ಲ. ಮುಂಬಯಿಯಿಂದ ಕೊಂಕಣದ ಕರೆಯನ್ನು ಅನುಸರಿಸಿ ಬರುತ್ತಿದ್ದ ಉಗಿಹಡಗುಗಳಲ್ಲಿ ಹತ್ತಿದವರು ತಂತಮ್ಮ ಊರಿನ ಎದುರಿಗೆ ದೋಣಿಗೆ ಇಳಿದು ದಡ ಸೇರುತ್ತಿದ್ದರು. ಹಡಗು ಕೊನೆಗೆ ಎಲ್ಲಿ ಮುಟ್ಟುವುದೆಂಬುದು ಅವರಿಗೆ ಸಂಬಂಧಿಸಿದ ಮಾತಾಗಿರಲಿಲ್ಲ. ಈಗಿನ ವಿಹಾರ ನೌಕೆಯ ಸ್ವಭಾವವೇ ಬೇರೆ. ಅದು ಸಾಮಾನ್ಯವಾಗಿ ಹೊರಟ ಬಂದರಿಗೇ ಹಿಂದಿರುಗುತ್ತದೆ. ಅದರಲ್ಲಿ ಹೋಗುವವನು ಎಲ್ಲಿಗೂ ಹೋಗುವವನಲ್ಲ, ಕೇವಲ ಹೋಗುವವನು. ನಡುವಿನ ಊರುಗಳು ಬೆಳಿಗ್ಗೆ ಇಳಿದು, ಬಸ್ಸಿನಲ್ಲಿ ಸುತ್ತಿ, ಸಂಜೆಯ ಊಟದ ಹೊತ್ತಿಗೆ ಮರಳುವುದಕ್ಕೆಂದು ಇರತಕ್ಕವುಗಳೇ ಹೊರತು ಗಂಟುಮೂಟೆಯೊಡನೆ ಇಳಿದು ಹೋಗುವುದಕ್ಕಲ್ಲ. ಚೆನ್ನೈಯಿಂದ ಹೊರಟು ವಿಶಾಖಪಟ್ಟಣವನ್ನೂ ಪುದುಚೇರಿಯನ್ನೂ ಮುಟ್ಟಿ ಮತ್ತೆ ಚೆನ್ನೈಗೆ ಬರುವ ಅಂತಹ ಒಂದು ನೌಕೆಯಿಂದ ನಾನೂ ನನ್ನ ಮಡದಿಯೂ ವಿಶಾಖಪಟ್ಟಣದಲ್ಲಿಯೇ ಇಳಿದು ಹೋಗುವೆವೆಂದಾಗ, ಟಿಕೆಟು ಮಾಡಿಸಿಕೊಟ್ಟ ಏಜೆಂಟರು ನಮ್ಮ ಆರೋಗ್ಯವನ್ನು ವಿಚಾರಿಸಿದುದು ಆದುದರಿಂದ ಸಹಜವೇ ಆಗಿದ್ದಿತು.

ಆರೋಗ್ಯಕ್ಕೇನೂ ಆಗಿರಲಿಲ್ಲ. ಮೈಸೂರಿನ ನಮ್ಮ ಮನೆಯಲ್ಲಿ ನವರಾತ್ರಿಗೆ ಗೊಂಬೆ ಕೂರಿಸುವ ಪದ್ಧತಿಯುಂಟು. ಆ ಸಾಲಿನಲ್ಲಿ ನನ್ನ ಅತ್ತೆಯವರ ಕಾಲದಿಂದ ಬಂದ ಕೊಂಡಪಲ್ಲಿಯ ಮರದ ಗೊಂಬೆಗಳು ಕೆಲವಿದ್ದು, ಅವುಗಳ ಹುಟ್ಟೂರನ್ನು ನೋಡಬೇಕೆಂದು ಮಡದಿಗೆ ಬಹುದಿನದ ಹಂಬಲವಿದ್ದಿತು. ನನಗಾದರೋ ಕೃಷ್ಣದೇವರಾಯನ ಕಳಿಂಗ ದಂಡಯಾತ್ರೆಯ ದಾರಿಯ ಮೇಲೆ ಕಣ್ಣು. ಉದಯಗಿರಿಯನ್ನೂ, 1515ರಲ್ಲಿ ಕೊಂಡವೀಡನ್ನೂ, ಅದರ ಬೆನ್ನಿಗೇ ಕೊಂಡಪಲ್ಲಿಯನ್ನೂ ಗಜಪತಿಯಿಂದ ಗೆದ್ದು, ರಾಜಮಹೇಂದ್ರಿಯನ್ನು ದಾಟಿ, ಸಿಂಹಾಚಲದ ಸ್ವಾಮಿಗೆ ಒಡವೆಗಳನ್ನೊಪ್ಪಿಸಿ, ಪೊಟ್ನೂರಿನಲ್ಲಿ ಜಯಸ್ತಂಭವನ್ನು ನೆಡಿಸಿದ ಆ ಅರಸನ ದಾರಿಯನ್ನು ಉತ್ತರದ ತುದಿಯಿಂದ ಹಿಡಿದು ದಕ್ಷಿಣಕ್ಕೆ ಬರಬೇಕೆಂದರೆ ವಿಶಾಖಪಟ್ಟಣಕ್ಕಿಂತ ಅನುಕೂಲವಾದ ಬಾಗಿಲು ಇನ್ನಿಲ್ಲ. ಹಡಗಿನಲ್ಲಿ ಹೋಗೋಣವೆಂದು ಹಟ ಹಿಡಿದವನು ಭಾವಮೈದುನ; ಅವನ ಸಂಸಾರ ಕೊನೆಯವರೆಗೂ ಹೋಗುವುದು, ನಾವು ನಡುವೆ ಇಳಿಯುವುದು ಎಂಬುದಾಗಿ ಒಡಂಬಡಿಕೆಯಾಯಿತು.

ಹಡಗಿನಿಂದ ಇಳಿಯುವುದಕ್ಕೆ ಅಪ್ಪಣೆಯೇಕೆ, ಕಾಲಿದ್ದರೆ ಸಾಲದೆ, ಎಂದು ಕೇಳುವವರುಂಟು. ಸಾಲದು. ಹಡಗಿನಲ್ಲಿ ಯಾರಿದ್ದಾರೆ, ಯಾರಿಲ್ಲ ಎಂಬ ಪಟ್ಟಿಯೊಂದು ಇರುತ್ತದೆ; ನಾವು ಹೊರಗೆ ಕಾಲಿಡುವಾಗಲೂ ಒಳಗೆ ಬರುವಾಗಲೂ ಕ್ಯಾಬಿನ್ನಿನ ಕಾರ್ಡನ್ನು ಯಂತ್ರಕ್ಕೆ ತೋರಿಸುವುದು ಆ ಪಟ್ಟಿಗಾಗಿಯೇ. ಸಂಜೆ ಲಂಗರು ಎತ್ತುವ ಹೊತ್ತಿಗೆ ಇಬ್ಬರು ಬಾರದಿದ್ದರೆ ಅವರು ಊರಿನಲ್ಲಿ ದಾರಿ ತಪ್ಪಿದ್ದಾರೆಯೋ, ಅಪಾಯಕ್ಕೆ ಸಿಕ್ಕಿದ್ದಾರೆಯೋ, ಬೇಕೆಂದೇ ಹೋಗಿದ್ದಾರೆಯೋ ಎಂಬುದು ಹಡಗಿನವರಿಗೆ ತಿಳಿಯುವ ಬಗೆ ಹೇಗೆ? ಅವರು ಹೆಸರು ಕೂಗುವರು, ಕ್ಯಾಬಿನ್ ಹುಡುಕುವರು, ಬಂದರಿನವರಿಗೆ ತಿಳಿಸುವರು. ಆದುದರಿಂದ ಹೊರಡುವುದಕ್ಕೆ ಬಹು ಮುಂಚೆಯೇ ಬರಹದಲ್ಲಿ ಕೇಳಿ, ಬರಹದಲ್ಲಿಯೇ ಉತ್ತರ ಪಡೆದು, ಹತ್ತಿದ ದಿನವೇ ಅದನ್ನು ರಿಸೆಪ್ಷನ್ನಿನಲ್ಲಿ ತೋರಿಸಿ, ಪಟ್ಟಿಯಲ್ಲಿ ನಮ್ಮ ಹೆಸರಿನ ಮುಂದೆ ವಿಶಾಖಪಟ್ಟಣವೆಂದು ಗುರುತಾಗುವವರೆಗೆ ಅಲ್ಲಿಯೇ ನಿಲ್ಲುವುದು ಲೇಸು. ನಾನು ಹಾಗೆ ನಿಂತೆ. ಕಂಪ್ಯೂಟರಿನ ಮುಂದೆ ಕುಳಿತಿದ್ದ ಹುಡುಗಿ ನಗುತ್ತ, "ಅಂಕಲ್, ಗುರುತು ಹಾಕಿದ್ದೇನೆ, ಹೋಗಿ ಊಟ ಮಾಡಿ," ಎಂದಳು. ನಾನು ಅದನ್ನು ಕಣ್ಣಾರೆ ನೋಡಿಯೇ ಊಟಕ್ಕೆ ಹೋದೆ.

ನಮ್ಮ ನಾಡಿನ ಬಂದರಿನಿಂದ ನಮ್ಮ ನಾಡಿನ ಬಂದರಿಗೇ ಹೋಗುವಾಗ ತೊಡಕು ಇಷ್ಟೇ. ಬೇರೆ ದೇಶಕ್ಕೆ ಹೋಗಿ ಬರುವ ಹಡಗಾದರೆ ಪಾಸ್‌ಪೋರ್ಟು, ವೀಸಾ, ಸುಂಕದವರು ಎಲ್ಲರೂ ನಡುವೆ ಬರುತ್ತಾರೆ. ನಾವು ಇಳಿಯಬೇಕೆಂದ ಬಂದರಿನಲ್ಲಿ ಆ ಅಧಿಕಾರಿಗಳು ಆ ದಿನ ಇರಲೂಬೇಕು. ಅಮೆರಿಕದಲ್ಲಿ ಇನ್ನೊಂದು ವಿಚಿತ್ರವುಂಟು. ಅಲ್ಲಿ 1886ರಲ್ಲಿ ಆದ ಕಾಯಿದೆಯೊಂದು ವಿದೇಶಿ ಹಡಗು ಆ ದೇಶದ ಒಂದು ಬಂದರಿನಲ್ಲಿ ಹತ್ತಿಸಿಕೊಂಡವನನ್ನು ಆ ದೇಶದ್ದೇ ಇನ್ನೊಂದು ಬಂದರಿನಲ್ಲಿ ಇಳಿಸಿ ಹೋಗುವುದನ್ನು ತಡೆಯುವುದರಿಂದ, ನಡುವೆ ಇಳಿದ ಯಾತ್ರಿಕನ ಲೆಕ್ಕದಲ್ಲಿ ಹಡಗಿಗೆ ದಂಡ ಬೀಳುತ್ತದೆ. ಹಡಗಿನವರು ಅದನ್ನು ಅವನಿಂದಲೇ ವಸೂಲು ಮಾಡುವರು. ನಮ್ಮ ಕರಾವಳಿಯ ಸಂಚಾರಕ್ಕೂ ಇಂತಹ ಕಟ್ಟು ಇದ್ದಿತಾದರೂ, ವಿಹಾರ ನೌಕೆಗಳ ಮಟ್ಟಿಗೆ ಸರ್ಕಾರ 2009ರಲ್ಲಿ ಅದನ್ನು ಸಡಿಲಿಸಿತು.

ಹಣದ ಮಾತು. ಉಳಿದ ರಾತ್ರಿಗಳ ಬಾಬ್ತು ಒಂದು ಕಾಸೂ ಹಿಂದಕ್ಕೆ ಬರುವುದಿಲ್ಲವೆಂದು ಉತ್ತರದಲ್ಲಿ ಸ್ಪಷ್ಟವಾಗಿಯೇ ಬರೆದಿದ್ದರು. ಭಾವಮೈದುನನಿಗೆ ಇದು ಸಹಿಸದಾಯಿತು. "ಹೊಳೆಯಲ್ಲಿ ಹುಣಸೆಹಣ್ಣು ಕಿವುಚುವವರನ್ನು ಕೇಳಿದ್ದೆ ಭಾವ, ನೀವು ಸಮುದ್ರದಲ್ಲೇ ಕಿವುಚೋಕೆ ಹೊರಟಿದ್ದೀರಿ," ಎಂದನು. ಕೊಟ್ಟ ಹಣಕ್ಕೆ ತಕ್ಕ ಸುಖವನ್ನು ಕೊನೆಯ ತುತ್ತಿನವರೆಗೂ ಉಂಡೇ ತೀರಬೇಕೆಂಬ ಈ ಛಲ ನಮ್ಮ ಮಧ್ಯಮವರ್ಗದಲ್ಲಿ ಬಹು ಪ್ರಬಲವಾದುದು. ಬುಫೆಯ ಮುಂದೆ ಮೂರನೆಯ ಸಲ ತಟ್ಟೆ ಹಿಡಿದು ನಿಂತವರ ಮುಖಗಳಲ್ಲಿ ನಾನು ಕಂಡುದು ಹಸಿವಲ್ಲ, ಕರ್ತವ್ಯನಿಷ್ಠೆ.

ಕೊನೆಯ ಬಂದರಿನಲ್ಲಾದರೆ ಹಿಂದಿನ ರಾತ್ರಿ ಪೆಟ್ಟಿಗೆಗಳನ್ನು ಬಾಗಿಲ ಹೊರಗಿಟ್ಟರೆ ಸಿಬ್ಬಂದಿಯವರೇ ಅವನ್ನು ದಡಕ್ಕೆ ಮುಟ್ಟಿಸುವರು. ನಡುವೆ ಇಳಿಯುವವನಿಗೆ ಆ ಉಪಚಾರವಿಲ್ಲ. ಅವನ ಭಾರ ಅವನದೇ. ಇದನ್ನು ಮೊದಲೇ ವಿಚಾರಿಸಿಕೊಂಡಿದ್ದುದರಿಂದ ನಾವು ಕೈಯಲ್ಲಿ ಎತ್ತಬಹುದಾದ ಚೀಲಗಳನ್ನೇ ಒಯ್ದಿದ್ದೆವು. ಹಡಗಿನೊಳಗಿನ ಖರ್ಚಿನ ಲೆಕ್ಕವನ್ನು ಹಿಂದಿನ ರಾತ್ರಿಯೇ ತೀರಿಸಿ ರಶೀದಿ ತೆಗೆದುಕೊಂಡೆವು. ಬೆಳಗಿನ ಹೊತ್ತಿನಲ್ಲಿ ಊರು ನೋಡಲು ಹೊರಟವರ ಸಾಲು ರಿಸೆಪ್ಷನ್ನಿನ ಮುಂದೆ ಬೆಳೆದಿರುವಾಗ ಲೆಕ್ಕಕ್ಕೆ ನಿಲ್ಲುವವನ ಪಾಡು ಬೇಡ.

ವಿಶಾಖಪಟ್ಟಣವನ್ನು ಕಡಲಿನ ಕಡೆಯಿಂದ ಪ್ರವೇಶಿಸುವುದು ಒಂದು ಭಾಗ್ಯವೆಂದೇ ಹೇಳಬೇಕು. ಡಾಲ್ಫಿನ್ನಿನ ಮೂಗೆಂದು ಹೆಸರಾದ ಬೆಟ್ಟದ ಚಾಚು ನೀರಿನೊಳಕ್ಕೆ ಇಳಿದು ಬಂದರಿಗೆ ಮರೆಯಾಗಿ ನಿಂತಿದೆ; ಒಳಗಾಲುವೆಯ ಬಳಿಯ ಗುಡ್ಡಗಳ ಮೇಲೆ ವೆಂಕಟೇಶ್ವರನ ಗುಡಿ, ದರ್ಗಾ, ಇಗರ್ಜಿ ಮೂರೂ ಬರುವ ಹೋಗುವ ಹಡಗುಗಳನ್ನು ನೋಡುತ್ತಿರುತ್ತವೆ. ಬಂದರು ತೆರೆದುದು 1933ರಲ್ಲಿ. ಅಲೆಗಳನ್ನು ತಡೆಯಲು ಎರಡು ಹಳೆಯ ಹಡಗುಗಳನ್ನೇ ಅಲ್ಲಿ ಮುಳುಗಿಸಿದರಂತೆ. ವಾಲಚಂದ ಹೀರಾಚಂದರು 1941ರಲ್ಲಿ ನೆಲೆಗೊಳಿಸಿದ ಹಡಗುಕಟ್ಟೆಯಿಂದ 1948ರ ಮಾರ್ಚ್ 14ರಂದು ನೆಹರೂ ಅವರು ‘ಜಲ ಉಷಾ’ ಎಂಬ ಹಡಗನ್ನು ನೀರಿಗಿಳಿಸಿದುದೂ ಇಲ್ಲಿಯೇ. ವಿಹಾರ ನೌಕೆಗಳಿಗೆಂದೇ ಕಟ್ಟಿದ ನಿಲ್ದಾಣ 2023ರ ಸೆಪ್ಟೆಂಬರಿನಲ್ಲಿ ತೆರೆದಿದೆ. ಅದರ ನುಣುಪಾದ ನೆಲದ ಮೇಲೆ ಊರು ನೋಡುವವರೆಲ್ಲ ಬಸ್ಸಿನ ಕಡೆಗೆ ತಿರುಗಿದರು; ನಾವು ಆಟೋ ಹಿಡಿದು ರೈಲು ನಿಲ್ದಾಣಕ್ಕೆ ಹೊರಟೆವು.

ಇಲ್ಲಿ ಒಂದು ಎಚ್ಚರಿಕೆ ಸಲ್ಲಬೇಕು. ಹಡಗು ಬಂದರಿನ ಹೊರಗೆ ಪೈಲಟ್ಟನಿಗಾಗಿ ಕಾಯುವುದುಂಟು, ಕಟ್ಟೆ ತೆರವಾಗಲೆಂದು ಕಾಯುವುದುಂಟು. ಕಟ್ಟಿದ ಮೇಲೂ ಬಾಗಿಲು ತೆರೆಯಲು ಹೊತ್ತು ಹಿಡಿಯುತ್ತದೆ. ಇಳಿಯುವ ಗಳಿಗೆಗೂ ರೈಲಿನ ಗಳಿಗೆಗೂ ನಡುವೆ ಅರ್ಧ ದಿನವನ್ನಾದರೂ ಸುಮ್ಮನೆ ಬಿಟ್ಟಿರಬೇಕು. ನಾವು ನೆಚ್ಚಿದುದು ಮಧ್ಯಾಹ್ನ ಹೊರಡುವ ರತ್ನಾಚಲ್ ಎಕ್ಸ್‌ಪ್ರೆಸ್ಸನ್ನು. ಸುಮಾರು ಮುನ್ನೂರೈವತ್ತು ಕಿಲೋಮೀಟರುಗಳನ್ನು ಬಹುಮಟ್ಟಿಗೆ ಹಗಲಿನ ಬೆಳಕಿನಲ್ಲಿಯೇ ಕ್ರಮಿಸಿ ಅದು ವಿಜಯವಾಡವನ್ನು ಸೇರುತ್ತದೆ. ಅನಕಾಪಲ್ಲಿ, ತುನಿ, ಸಾಮರ್ಲಕೋಟೆಗಳು ಕಳೆದು, ರಾಜಮಹೇಂದ್ರಿಯಲ್ಲಿ ಗೋದಾವರಿ ಕಂಡಿತು. ಕಡಲಿನ ಮೇಲೆ ದಿನವಿಡೀ ನೀರನ್ನು ನೋಡಿ ದಣಿದಿದ್ದ ಕಣ್ಣಿಗೆ ಆ ನೀರು ಬೇರೆಯೇ ಆಗಿ ಕಂಡಿತೆಂದರೆ, ಅದಕ್ಕೆ ಎರಡು ದಡಗಳಿದ್ದುದೇ ಕಾರಣವಿದ್ದೀತು.

ಮರುದಿನ ಬೆಳಿಗ್ಗೆ ಇಬ್ರಾಹಿಂಪಟ್ಟಣದ ಉಷ್ಣವಿದ್ಯುತ್ ಸ್ಥಾವರದ ಹೊಗೆಗೊಳವೆಗಳನ್ನು ಕಾಣುತ್ತ ಕೊಂಡಪಲ್ಲಿಗೆ ಹೋದೆವು. ಹದಿನಾಲ್ಕನೆಯ ಶತಮಾನದಲ್ಲಿ ರೆಡ್ಡಿ ಅರಸರು ಕಟ್ಟಿದ ಕೋಟೆ ಮೇಲಿದೆ, ಗೊಂಬೆ ಮಾಡುವವರ ಓಣಿ ಕೆಳಗಿದೆ. ಮಡದಿಗೆ ಓಣಿ ಸಾಕಾಯಿತು. ಪೊಣಿಕಿ ಎಂಬ ಹಗುರವಾದ ಮರವನ್ನು ತುಂಡರಿಸಿ, ಸಣ್ಣ ಉರಿಯ ಕಾವಿನಲ್ಲಿ ಅದರ ತೇವವನ್ನು ತೆಗೆದು, ಅಂಗಗಳನ್ನು ಬೇರೆಬೇರೆಯಾಗಿ ಕೆತ್ತಿ, ಮರದ ಹೊಟ್ಟಿನೊಡನೆ ಹುಣಸೆಬೀಜದ ಅಂಟನ್ನು ಕಲಸಿ, ಅದನ್ನು ‘ಮಕ್ಕು’ ಎಂದು ಕರೆದು, ಅದರಿಂದ ಕೈಕಾಲುಗಳನ್ನು ಕೂಡಿಸುವರು. ನಮ್ಮ ಚನ್ನಪಟ್ಟಣದವರು ಆಲೆಮರವನ್ನು ತಿರುಗಣೆಗೆ ಕೊಟ್ಟು ಅರಗಿನಿಂದ ಬಣ್ಣವೇರಿಸುವರಾದುದರಿಂದ ಅವರ ಗೊಂಬೆ ದುಂಡಗೆ. ಇಲ್ಲಿಯದು ಉಳಿಯ ಕೆಲಸವಾದುದರಿಂದ ಮೂಗು, ಮೊಣಕೈ, ಸೆರಗಿನ ಮಡಿಕೆ ಎಲ್ಲವೂ ಎದ್ದು ಕಾಣುತ್ತವೆ. ಹತ್ತಿರದ ನೆಂಟಸ್ತಿಕೆ ಬೇಕಾದರೆ ಕೊಪ್ಪಳದ ಕಿನ್ನಾಳದ ಗೊಂಬೆಗಳನ್ನು ನೋಡಬೇಕು. ಅಲ್ಲಿಯೂ ಹಗುರ ಮರ, ಅಲ್ಲಿಯೂ ಹುಣಸೆಬೀಜ. ತಾಳೆಮರವೇರುವವನ ಗೊಂಬೆಯೊಂದನ್ನು ಜೋಡಿಸುತ್ತಿದ್ದ ಮುದುಕರೊಬ್ಬರ ಮುಂದೆ ನನ್ನ ಮಡದಿ ನೆಲದ ಮೇಲೆಯೇ ಕುಳಿತು, ಬಾರದ ತೆಲುಗಿನಲ್ಲಿ ಮಧ್ಯಾಹ್ನದವರೆಗೂ ಮಾತನಾಡಿದಳು. ಹಡಗಿನವರ ಬಸ್ಸು ಕೊಡುವ ವಿರಾಮದಲ್ಲಿ ಅಷ್ಟು ಮಾತು ಹಿಡಿಸುತ್ತಿರಲಿಲ್ಲ. ಸಮುದ್ರದಲ್ಲಿ ಕಿವುಚಿದ ಹುಣಸೆಯ ಬೀಜವಾದರೂ ಇಲ್ಲಿ ಉಪಯೋಗಕ್ಕೆ ಬಂದಿತೆಂದು ನಾನು ಭಾವಮೈದುನನಿಗೆ ಸಂದೇಶ ಕಳುಹಿಸಿದೆ. ನಡುಗಡಲಿನಲ್ಲಿ ಅದು ಅವನಿಗೆ ತಲುಪಲಿಲ್ಲ.

ಬಿಸಿಲು ಇಳಿದ ಮೇಲೆ ನಾನೊಬ್ಬನೇ ಕೋಟೆಗೆ ಹತ್ತಿದೆ. ರಾಯನು ಇದನ್ನು ಮುತ್ತಿ, ಕಾದು, ಗೆದ್ದು, ಕೊನೆಗೆ ಗಜಪತಿಯೊಡನೆ ಸಂಧಿಯಾದಾಗ ಅವನ ಮಗಳನ್ನು ವರಿಸಿ, ಕೃಷ್ಣೆಯ ಉತ್ತರಕ್ಕಿರುವ ನೆಲವನ್ನೆಲ್ಲ, ಈ ಬೆಟ್ಟವನ್ನೂ ಕೂಡಿಸಿ, ಹಿಂದಕ್ಕೆ ಕೊಟ್ಟನು. ಅಷ್ಟು ವೆಚ್ಚ ಮಾಡಿ ಪಡೆದುದನ್ನು ಬಿಟ್ಟು ಬಂದುದಕ್ಕೆ ಅವನ ಭಾವಮೈದುನಂದಿರು ಏನೆಂದರೋ!

ಇಷ್ಟು ಹೇಳಿದ ಮೇಲೆ ಎಲ್ಲರೂ ಹೀಗೆ ಮಾಡಬಹುದೆಂದು ನಾನು ಹೇಳಲಾರೆ. ಎಳೆಯ ಮಕ್ಕಳಿರುವವರು, ಗಾಲಿಕುರ್ಚಿಯ ಅಗತ್ಯವುಳ್ಳವರು, ಇಳಿದ ಊರಿನಲ್ಲಿ ನಿರ್ದಿಷ್ಟವಾದ ಕೆಲಸವಿಲ್ಲದವರು ಹಡಗಿನಲ್ಲಿಯೇ ಇರುವುದು ಮೇಲು. ಬೇಸರವೊಂದೇ ಕಾರಣವಾಗಿದ್ದರೆ ಅದು ರೈಲಿಗೂ ಹತ್ತಿ ಬರುತ್ತದೆ. ನಾವು ಕಳೆದುಕೊಂಡುದು ಪುದುಚೇರಿಯನ್ನು. ಬೆಂಗಳೂರಿನಿಂದ ರಾತ್ರಿಯ ಬಸ್ಸು ಹತ್ತಿದರೆ ಬೆಳಗಿನೊಳಗೆ ಮುಟ್ಟುವ ಊರು ಅದು. ಮುಂದಿನ ಚಳಿಗಾಲದಲ್ಲಿ ತಾನೇ ಕರೆದೊಯ್ಯುವುದಾಗಿ ಭಾವಮೈದುನ ಹೇಳಿದ್ದಾನೆ. ತಿಂಡಿವನದಲ್ಲಿ ಇಳಿಯುವುದಿಲ್ಲವೆಂದು ಈಗಲೇ ಬರೆದುಕೊಡಬೇಕಂತೆ.