ಬಚ್ಚಲಿಗೆ ಆಸಿಡ್ ಸುರಿಯುವ ಮೊದಲು

ಚನ್ನಪಟ್ಟಣದ ಕಡೆ ಬೋರ್‌ವೆಲ್ ನೀರು ಬಳಸುವ ಮನೆಗಳಲ್ಲಿ ಬಚ್ಚಲ ಟೈಲ್ಸ್ ಮೇಲೆ ಬಿಳಿ ಪೊರೆ ಕಟ್ಟುವುದು ಹೊಸತೇನಲ್ಲ. ಅದು ಕೊಳೆಯಲ್ಲ, ಗಡಸು ನೀರು ಬಿಟ್ಟುಹೋದ ಸುಣ್ಣದಂಶ. ಸೋಪಿಗೆ ಜಗ್ಗದು, ಹುಳಿಗೆ ಕರಗುತ್ತದೆ. ಹಾಗೆಂದು ಆಸಿಡ್ ಬಾಟಲಿ ತಂದು ಸುರಿಯಬೇಡಿ. ಟೈಲ್ಸ್ ಸಂದಿನ ಸಿಮೆಂಟಿನಲ್ಲೂ ಸುಣ್ಣದಂಶವಿದೆ. ಕಲೆಯ ಜೊತೆ ಸಂದೂ ಸವೆದು ನೀರು ಗೋಡೆಗಿಳಿಯುತ್ತದೆ. ಒಂದು ಲೀಟರ್ ಬಿಸಿನೀರಿಗೆ ಎರಡು ಚಮಚ ನಿಂಬೆ ಉಪ್ಪು ಕದಡಿ, ಬಟ್ಟೆ ಅದ್ದಿ ಕಲೆಯ ಮೇಲೆ ಕಾಲು ಗಂಟೆ ಹಚ್ಚಿಡಿ, ಆಮೇಲೆ ಉಜ್ಜಿ. ಹಿತ್ತಾಳೆ ಚೊಂಬು ಬೆಳಗುವ ಹುಣಸೆಹಣ್ಣೂ ಆದೀತು, ತಡವಾಗುತ್ತದೆ ಅಷ್ಟೆ. ನೆಲಕ್ಕೆ ಕಡಪ ಕಲ್ಲೋ ಮಾರ್ಬಲ್ಲೋ ಹಾಸಿದ್ದರೆ ಯಾವ ಹುಳಿಯೂ ಬೇಡ. ಅವೂ ಸುಣ್ಣಕಲ್ಲಿನ ಜಾತಿಯೇ.

ಸಂದಿನ ಕಪ್ಪು ಬೇರೆ, ಅದು ಬೂಷ್ಟು. ಅದಕ್ಕೆ ನೀರಲ್ಲಿ ಕದಡಿದ ಬ್ಲೀಚಿಂಗ್ ಪೌಡರ್, ಒಂದು ಹಳೇ ಟೂತ್‌ಬ್ರಷ್. ಆದರೆ ಹುಳಿ ಹಾಕಿದ ದಿನ ಬ್ಲೀಚಿಂಗ್ ಮುಟ್ಟಲೇಬೇಡಿ. ಎರಡೂ ಬೆರೆತರೆ ಏಳುವುದು ಕ್ಲೋರಿನ್ ಅನಿಲ. 1915ರಲ್ಲಿ, ಮೊದಲ ಮಹಾಯುದ್ಧದಲ್ಲಿ ಸೈನಿಕರ ಮೇಲೆ ಬಿಟ್ಟದ್ದು ಇದನ್ನೇ. ಕಿಟಕಿ ತೆರೆದಿಡಿ, ಕೈಗವಸು ಹಾಕಿಕೊಳ್ಳಿ. ಇನ್ನು, ಸ್ನಾನವಾದ ಮೇಲೆ ಗೋಡೆಯ ನೀರನ್ನು ವೈಪರ್‌ನಿಂದ ಎಳೆದುಬಿಟ್ಟರೆ ಬಿಳಿಯೂ ಕಪ್ಪೂ ಅಷ್ಟು ಬೇಗ ಕೂರುವುದಿಲ್ಲ.