ರಿಪೋರ್ಟ್ ನಾರ್ಮಲ್ ಇದ್ದರೂ ನೋವು ಸುಳ್ಳಲ್ಲ

ನನ್ನ ರಕ್ತಪರೀಕ್ಷೆಯಲ್ಲಿ ಇಎಸ್‌ಆರ್ ಸರಿ, ಆರ್‌ಎ ಫ್ಯಾಕ್ಟರ್ ಇಲ್ಲ, ಥೈರಾಯ್ಡ್ ಸರಿ. ‘ನಿಮಗೇನೂ ಆಗಿಲ್ಲ, ಟೆನ್ಷನ್ ಕಡಿಮೆ ಮಾಡಿ’ ಎಂದು ಡಾಕ್ಟರು ಫೈಲು ಮುಚ್ಚಿದರು. ನಾದಿನಿಗೆ ಅಷ್ಟೇ ಸಾಕಾಯಿತು. ‘ಅತ್ತಿಗೆಗೆ ಮೈಗಳ್ಳತನ’ ಎಂಬ ಮಾತು ಮುಂಬೈನ ಕಾಂದಿವಲಿಯಿಂದ ಊರು ಕುಂದಾಪುರದವರೆಗೆ ಫೋನಿನಲ್ಲೇ ತಲುಪಿತು. ಅವಳನ್ನು ನಾನಿನ್ನೂ ಕ್ಷಮಿಸಿಲ್ಲ.

ನನಗಿರುವ ಫೈಬ್ರೊಮಯಾಲ್ಜಿಯಾ ರಕ್ತಪರೀಕ್ಷೆಯಲ್ಲಿ, ಎಕ್ಸ್‌ರೇಯಲ್ಲಿ ಕಾಣಿಸುವ ಕಾಯಿಲೆಯಲ್ಲ. ಗಂಟು ಬಾಯುವುದಿಲ್ಲ, ಸಣ್ಣ ನೋವನ್ನೂ ನರಮಂಡಲ ದೊಡ್ಡದು ಮಾಡಿ ಮುಟ್ಟಿಸುತ್ತದೆ. ಮೂರು ತಿಂಗಳು ಮೀರಿದ ಮೈತುಂಬ ನೋವು, ಮಲಗಿ ಎದ್ದರೂ ಹೋಗದ ದಣಿವು, ಮಂಕಾದ ನೆನಪು, ಇವನ್ನು ಕೇಳಿ ತಿಳಿದೇ ವೈದ್ಯರು ಗುರುತಿಸಬೇಕು. ಕೇಳುವ ವ್ಯವಧಾನ ಬೇಕು, ಅಷ್ಟೇ.

ಒಂದು ಜುಲೈ ಸಂಜೆ ಚರ್ಚ್‌ಗೇಟಿನಿಂದ ಸ್ಲೋ ಲೋಕಲ್‌ನ ಲೇಡೀಸ್ ಡಬ್ಬಿಯಲ್ಲಿ ನಿಂತೇ ಬಂದೆ. ಕಾಂದಿವಲಿಯಲ್ಲಿ ಇಳಿಯಲು ಮಲಾಡ್ ಬಿಟ್ಟೊಡನೆ ಬಾಗಿಲ ಕಡೆ ಸರಿಯಬೇಕು. ಹಿಡಿಕೆಯಿಂದ ಕೈ ಇಳಿಸಹೋದರೆ ಭುಜ ಕೇಳಲಿಲ್ಲ, ಬೆರಳು ಬಿಗಿದಿದ್ದವು. ಹಿಂದಿನವರು ತಳ್ಳಿದ ರಭಸಕ್ಕೆ ಪ್ಲಾಟ್‌ಫಾರಂ ಮೇಲೆ ಬಿದ್ದಂತೆ ಇಳಿದೆ. ಯಾರದೋ ಚೀಲ ತಾಗಿದ ತೋಳು ಬೆಂಕಿ ಸವರಿದ ಹಾಗೆ ಉರಿಯಿತು. ಸೇತುವೆಯ ಮೆಟ್ಟಿಲ ಬುಡಕ್ಕೆ ಬಂದರೆ ಕಾಲು ಎತ್ತಲಾಗಲಿಲ್ಲ. ಗಾಡಿಯ ಹಿಂದೆ ಗಾಡಿ ಬಂತು, ಜನ ಗದರುತ್ತ ಬಳಸಿಕೊಂಡು ಹತ್ತಿಹೋದರು. ನನ್ನ ಮೈಮೇಲೆ ಗಾಯವಿಲ್ಲ, ಪಟ್ಟಿಯಿಲ್ಲ. ಯಾರಿಗೆ ಏನು ತೋರಿಸಲಿ? ಕೊನೆಗೆ ಹೂ ಮಾರುವ ಹೆಂಗಸೊಬ್ಬರು ಏನೂ ಕೇಳದೆ ನನ್ನ ಬ್ಯಾಗು ತೆಗೆದುಕೊಂಡು, ಮೆಟ್ಟಿಲು ಮೆಟ್ಟಿಲಿಗೂ ನಿಂತು, ಆಚೆ ದಾಟಿಸಿದರು. ಮನೆಯವರು ಹೇಳಿದ್ದು, ‘ನಾಲ್ಕು ದಿನ ಮಲಗು.’ ಮಲಗಿದಷ್ಟೂ ಮೈ ಮರಗಟ್ಟಿತು.

ನನ್ನನ್ನು ಎಬ್ಬಿಸಿದವರು ಆಮೇಲೆ ಸಿಕ್ಕ ರುಮಟಾಲಜಿಸ್ಟ್. ಅವರು ಕೊಟ್ಟ ಪ್ರಿಗ್ಯಾಬಲಿನ್ ಎಂಬ ಔಷಧಿಯಿಂದ ನಿದ್ದೆ ಸುಧಾರಿಸಿತು. ಆದರೆ ಅವರು ಒತ್ತಿ ಹೇಳಿದ್ದು ವ್ಯಾಯಾಮವನ್ನು. ಯುರೋಪಿನ ಸಂಧಿವಾತ ತಜ್ಞರ ಒಕ್ಕೂಟ 2016ರ ಮಾರ್ಗಸೂಚಿಯಲ್ಲಿ ಪ್ರಬಲವಾಗಿ ಶಿಫಾರಸು ಮಾಡಿದ್ದೂ ಅದೊಂದನ್ನೇ. ಸೊಸೈಟಿ ಕಾಂಪೌಂಡಿನಲ್ಲಿ ಐದು ನಿಮಿಷದ ನಡಿಗೆಯಿಂದ ಶುರು ಮಾಡಿದೆ. ಮಳೆಗಾಲದಲ್ಲಿ ಕೆಳಗಿನ ಪಾರ್ಕಿಂಗಿನಲ್ಲಿ. ಮರುದಿನ ನೋವು ಏರದಿದ್ದರೆ ಮಾತ್ರ ಇನ್ನೊಂದು ನಿಮಿಷ. ಮೈ ಹಗುರವಿದ್ದ ದಿನ ಬಾಕಿ ಕೆಲಸವನ್ನೆಲ್ಲ ಮೈಮೇಲೆ ಎಳೆದುಕೊಳ್ಳಬೇಡಿ, ನೋವಿದ್ದ ದಿನ ಪೂರ್ತಿ ಮಲಗಿಬಿಡಬೇಡಿ. ಚಪಾತಿ ಕೂತು ಲಟ್ಟಿಸಿ. ಬೆಳಿಗ್ಗೆ ನಾನು ಬೋರಿವಲಿಗೆ ಹಿಂದೆ ಹೋಗಿ, ಅಲ್ಲಿಂದಲೇ ಹೊರಡುವ ಲೋಕಲ್‌ನಲ್ಲಿ ಸೀಟು ಹಿಡಿಯುತ್ತೇನೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೆಸರಿಸಿದ 21 ವೈಕಲ್ಯಗಳಲ್ಲಿ ನಮ್ಮ ಕಾಯಿಲೆ ಇಲ್ಲ. ರಜೆ ಕೇಳಿದಾಗ ಆಫೀಸಿನ ಅಧಿಕಾರಿ ಇದನ್ನೇ ನನ್ನ ಮುಖಕ್ಕೆ ಹೇಳಿದರು. ಕಾಯ್ದೆ ಬದಲಾಗುವವರೆಗೆ ನಮಗೆ ಮನೆಯವರ ನಂಬಿಕೆಯೇ ಆಸರೆ. ನಿಮ್ಮ ಅಕ್ಕನೋ ಅತ್ತಿಗೆಯೋ ಮೈಯೆಲ್ಲ ನೋವು ಎಂದರೆ ರಿಪೋರ್ಟ್ ಕೇಳುವ ಮೊದಲು ಅವಳ ಮಾತು ನಂಬಿ, ರುಮಟಾಲಜಿಸ್ಟ್ ಹತ್ತಿರ ಜೊತೆಗೆ ಹೋಗಿ.