ತೋಟದ ನಡುವೆ ಹಾದುಹೋದ ಹಾದಿ

ಮಳೆಗಾಲ ಕಳೆದು ಅಂಗಳದಲ್ಲಿ ಅಡಿಕೆ ಒಣಗುವ ಕಾಲ. ಒಂದು ಬೆಳಿಗ್ಗೆ ಮನೆಯವರು ತೋಟಕ್ಕೆ ಇಳಿದಾಗ ಬಸಳೆಯ ಚಪ್ಪರದ ಮಗ್ಗುಲಲ್ಲಿ ಬಣ್ಣ ಬಳಿದ ಗೂಟವೊಂದು ಕಾಣಿಸುತ್ತದೆ. ಇಪ್ಪತ್ತು ಹೆಜ್ಜೆ ಮುಂದೆ, ಅಡಿಕೆಮರಗಳ ನಡುವೆ, ಇನ್ನೊಂದು. ತೋಡಿನ ಆಚೆಯ ದಡದಲ್ಲಿ ಮತ್ತೊಂದು. ಕೊಳವೆಯೋ ವಿದ್ಯುತ್ತಿನ ತಂತಿಯೋ ಈ ದಾರಿಯಾಗಿ ಹೋಗಲಿದೆ ಎಂಬುದಕ್ಕೆ ಅದು ಗುರುತು. ಅಂದಿನಿಂದ ಆ ಮನೆಯವರ ಮನಸ್ಸಿಗೆ ನೆಮ್ಮದಿಯಿಲ್ಲ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಕಡೆ ಇಂತಹ ಅನುಭವ ಅನೇಕ ಮನೆಗಳಿಗೆ ಆಗಿದೆ. ಇದಕ್ಕೆ ಆ ನೆಲದ ಜನವಸತಿಯ ರೀತಿಯೂ ಒಂದು ಕಾರಣ. ಬಯಲುಸೀಮೆಯಲ್ಲಿ ಮನೆಗಳು ಒಂದೆಡೆ ಒತ್ತಾಗಿರುತ್ತವೆ. ಹೊಲಗಳು ಊರ ಹೊರಗಿರುತ್ತವೆ. ಇಲ್ಲಿ ಹಾಗಲ್ಲ. ಗುಡ್ಡಗಳ ನಡುವಿನ ತಗ್ಗುಗಳಲ್ಲಿ ಒಂದೊಂದು ಮನೆಯೂ ತನ್ನ ತೋಟದ ನಡುವೆ ನಿಂತಿದೆ. ಮನೆಯ ಸುತ್ತ ಹಿತ್ತಿಲು, ಹಿತ್ತಿಲ ಕೆಳಗೆ ಅಡಿಕೆ, ಅಡಿಕೆಗೆ ಹಬ್ಬಿದ ಕಾಳುಮೆಣಸು, ಅಂಚಿನಲ್ಲಿ ತೆಂಗು. ಆದುದರಿಂದ ಇಲ್ಲಿ ಭೂಪಟದ ಮೇಲೆ ಒಂದು ನೇರ ಗೆರೆ ಎಳೆದರೂ ಅದು ಯಾರದೋ ತೋಟವನ್ನು ಸೀಳಿಯೇ ಹೋಗುತ್ತದೆ.

ಮಂಗಳೂರು ಬಂದರು ಮತ್ತು ತೈಲ ಶುದ್ಧೀಕರಣ ಕೇಂದ್ರವಿರುವ ನಗರ. ಘಟ್ಟದ ಮೇಲಿನ ಊರುಗಳಿಗೆ ಇಂಧನ ಹೋಗಬೇಕಾದರೆ ಅದು ಈ ತಾಲೂಕುಗಳನ್ನು ದಾಟಬೇಕು. ಮಂಗಳೂರಿನಿಂದ ಹಾಸನದ ಮಾರ್ಗವಾಗಿ ಬೆಂಗಳೂರಿಗೆ ಹೋಗುವ ಪೆಟ್ರೋಲಿಯಂ ಕೊಳವೆ 2003ರಲ್ಲಿ ಕಾರ್ಯಾರಂಭ ಮಾಡಿತು. ಅದು ಬಂಟ್ವಾಳವನ್ನು ಹಾದು, ಬೆಳ್ತಂಗಡಿ ತಾಲೂಕಿನ ನೆರಿಯದ ಮೂಲಕ ಘಟ್ಟ ಏರುತ್ತದೆ. 2019ರಲ್ಲಿ ಘೋಷಿತವಾದ ಜಲಜೀವನ ಯೋಜನೆಯ ಕುಡಿಯುವ ನೀರಿನ ಕೊಳವೆಗಳು ಮನೆಮನೆಯ ಅಂಗಳದವರೆಗೂ ಬಂದಿವೆ. ಉಡುಪಿಯಿಂದ ಕಾಸರಗೋಡಿಗೆ ಯೋಜಿಸಲಾದ 400 ಕಿಲೋವೋಲ್ಟಿನ ವಿದ್ಯುತ್ ಮಾರ್ಗ ತೋಟಗಳನ್ನು ತಪ್ಪಿಸಿ ಹೋಗಬೇಕೆಂದು ಮೂಡುಬಿದಿರೆ, ಬಂಟ್ವಾಳ ಕಡೆಯ ಕೃಷಿಕರು ಒತ್ತಾಯಿಸಿದ್ದಾರೆ. ಇಂಧನ, ನೀರು, ಬೆಳಕು ಇವು ಯಾರಿಗೂ ಬೇಡವಾದ ವಸ್ತುಗಳಲ್ಲ. ಆದರೂ ಕೃಷಿಕನು ಏಕೆ ಕಳವಳಗೊಳ್ಳುತ್ತಾನೆ ಎಂಬುದನ್ನು ತಿಳಿಯಬೇಕಾದರೆ ಅಡಿಕೆಮರದ ಸ್ವಭಾವವನ್ನು ಅರಿಯಬೇಕು.

ಅಡಿಕೆಯ ಸಸಿ ಫಲ ಕೊಡಲು ಐದಾರು ವರ್ಷಗಳಾದರೂ ಬೇಕು. ಅನಂತರ ಅದು ಒಂದು ತಲೆಮಾರಿನ ಕಾಲ ಮನೆಯನ್ನು ಸಾಕುತ್ತದೆ. ತೋಟದ ಮರಗಳು ಒಂದರ ನೆರಳಿನಲ್ಲಿ ಇನ್ನೊಂದು ಬದುಕುತ್ತವೆ. ನಡುವಿನ ಸಾಲುಗಳನ್ನು ಕಡಿದರೆ ನಷ್ಟವು ಕಡಿದ ಮರಗಳಿಗೇ ಮುಗಿಯುವುದಿಲ್ಲ. ದಕ್ಷಿಣಕ್ಕೆ ವಾಲಿದ ಸೂರ್ಯನ ಅಪರಾಹ್ಣದ ಬಿಸಿಲು ಉಳಿದ ಮರಗಳ ಕಾಂಡಕ್ಕೆ ನೇರವಾಗಿ ಬಡಿಯುತ್ತದೆ. ಕಾಂಡದಲ್ಲಿ ಮೊದಲು ಹಳದಿ ಕಲೆ ಮೂಡಿ, ಅದು ಕಂದು ಬಣ್ಣಕ್ಕೆ ತಿರುಗಿ, ಬಿರುಕು ಬಿಡುತ್ತದೆ. ಕೆಲವು ವರ್ಷಗಳಲ್ಲಿ ಗಾಳಿಗೆ ಮರ ಅಲ್ಲಿಯೇ ಮುರಿದು ಬೀಳುತ್ತದೆ. ಈ ಬಿಸಿಲಿನ ಬಾಧೆಯನ್ನು ತಪ್ಪಿಸಲೆಂದೇ ಅಡಿಕೆಯ ಸಾಲುಗಳನ್ನು ಸರಿಯಾಗಿ ಉತ್ತರ ದಕ್ಷಿಣಕ್ಕೆ ಹಿಡಿಯದೆ ನೈಋತ್ಯದ ಕಡೆಗೆ ಓರೆಮಾಡಿ ನೆಡಬೇಕೆಂದು ತಜ್ಞರು ಹೇಳುತ್ತಾರೆ. ಬಂಟ್ವಾಳ ತಾಲೂಕಿನ ವಿಟ್ಲದಲ್ಲಿ 1956ರಿಂದಲೂ ಅಡಿಕೆಯ ಸಂಶೋಧನೆ ನಡೆಯುತ್ತಿದೆ.

ಇನ್ನು ಕಾನೂನಿನ ಮಾತು. ತೈಲ ಮತ್ತು ಅನಿಲದ ಕೊಳವೆಗಳಿಗಾಗಿ 1962ರ ಒಂದು ಕೇಂದ್ರ ಕಾಯಿದೆಯುಂಟು. ಇದರಂತೆ ಸರಕಾರವು ನೆಲವನ್ನೇ ಕೊಳ್ಳುವುದಿಲ್ಲ. ಅದರ ಅಡಿಯಲ್ಲಿ ಕೊಳವೆ ಇಡುವ ಹಕ್ಕನ್ನು ಮಾತ್ರ ಪಡೆಯುತ್ತದೆ. ಅಧಿಸೂಚನೆ ಹೊರಟ 21 ದಿನಗಳೊಳಗೆ ಆಕ್ಷೇಪಣೆ ಸಲ್ಲಿಸಲು ಅವಕಾಶವಿದೆ. ಹಾನಿಗೆ ಪರಿಹಾರವಲ್ಲದೆ, ನೆಲದ ಮಾರುಕಟ್ಟೆ ಬೆಲೆಯ ನೂರಕ್ಕೆ 10ರಷ್ಟು ಹಣವನ್ನೂ ಕೊಡತಕ್ಕದ್ದು. ಆದರೆ ಆ ಪಟ್ಟಿಯಲ್ಲಿ ಮುಂದೆ ಕಟ್ಟಡ ಕಟ್ಟುವಂತಿಲ್ಲ, ಬಾವಿ ಕೆರೆಗಳನ್ನು ತೋಡುವಂತಿಲ್ಲ, ಮರ ನೆಡುವಂತಿಲ್ಲ. ನೆಲ ತನ್ನದೇ, ಆದರೆ ಅಲ್ಲಿ ಅಡಿಕೆ ಮಾತ್ರ ಮತ್ತೆ ಏಳದು. ವಿದ್ಯುತ್ ಮಾರ್ಗಗಳ ವಿಷಯದಲ್ಲಿಯೂ 2003ರ ವಿದ್ಯುಚ್ಛಕ್ತಿ ಕಾಯಿದೆ, ಕೆಲಸ ಮಾಡುವವರು ಆದಷ್ಟು ಕಡಮೆ ಹಾನಿ ಮಾಡಬೇಕೆಂದೂ ಆದ ಹಾನಿಗೆ ಪೂರ್ಣ ಪರಿಹಾರ ಕೊಡಬೇಕೆಂದೂ ವಿಧಿಸುತ್ತದೆ. ಪರಿಹಾರವೆಂಬುದು ಯಾರ ಕೃಪೆಯೂ ಅಲ್ಲ. ಸಾರ್ವಜನಿಕರಿಗಾಗಿ ನಷ್ಟವನ್ನು ಹೊತ್ತವನಿಗೆ ಸಲ್ಲಬೇಕಾದ ಋಣ.

ಆದರೆ ಪರಿಹಾರದ ಹಣ ತೋಟವನ್ನು ತಾನಾಗಿ ಸರಿಪಡಿಸಲಾರದು. ಅದು ಕೃಷಿಕನ ಕೆಲಸ. ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿಬಾಗಿಲು ಹಾಕಿದಂತಾಗಬಾರದು. ಎಚ್ಚರವು ಗುದ್ದಲಿ ಬೀಳುವ ಮೊದಲೇ ಬೇಕು. ಗುರುತು ಹಾಕಿದ ಪಟ್ಟಿಯೊಳಗಿನ ಪ್ರತಿಯೊಂದು ಮರವನ್ನೂ ಎಣಿಸಿ, ಅದರ ವಯಸ್ಸು ಮತ್ತು ಫಲವನ್ನು ಬರೆದಿಡಬೇಕು. ನೀರಿನ ಕೊಳವೆ, ಬಸಿಗಾಲುವೆ, ಬೇಲಿ ಎಲ್ಲೆಲ್ಲಿವೆ ಎಂಬುದಕ್ಕೆ ನಕ್ಷೆಯೊಂದನ್ನು ಮಾಡಿ, ಛಾಯಾಚಿತ್ರಗಳನ್ನು ತೆಗೆದಿರಿಸಬೇಕು. ಅಧಿಸೂಚನೆಯನ್ನು ಓದಿ ಹಿರಿಯರಿಗೆ ತಿಳಿಸುವುದು, ಪಟ್ಟಿ ಬರೆಯುವುದು, ಅಳತೆ ಹಿಡಿಯುವುದು ಇವೆಲ್ಲ ಶಾಲೆಗೆ ಹೋಗುವ ಮಕ್ಕಳೂ ಮಾಡಬಲ್ಲ ಕೆಲಸಗಳು. ಸಣ್ಣ ಗಿಡಗಳನ್ನು ಉಳಿಸಿಕೊಳ್ಳಲೂ ಇದೇ ಸಮಯ. ಬಸಳೆ ಮತ್ತು ದಾಸವಾಳದ ತುಂಡುಗಳನ್ನು, ಕಾಳುಮೆಣಸಿನ ಬುಡದಿಂದ ಹರಿದ ಬಳ್ಳಿಗಳನ್ನು ಚೀಲಗಳಲ್ಲಿ ನೆಟ್ಟು ಬೇರು ಬರಿಸಬಹುದು. ಅರಸಿನ ಶುಂಠಿಗಳ ಗೆಡ್ಡೆಗಳನ್ನು ಕಿತ್ತು ಕಾಪಿಡಬಹುದು.

ಕೆಲಸ ನಡೆಯುವಾಗ ಕಾಯಬೇಕಾದದ್ದು ಮುಖ್ಯವಾಗಿ ಮಣ್ಣನ್ನು. ಇಲ್ಲಿಯ ನೆಲದ ಮೇಲ್ಪದರದಲ್ಲಿ ಮಾತ್ರ ಸೊಪ್ಪು ಗೊಬ್ಬರಗಳಿಂದ ವರ್ಷಗಟ್ಟಲೆ ಹದಗೊಂಡ ಕಪ್ಪು ಮಣ್ಣಿದೆ. ಕೆಳಗಿರುವುದು ಸಾರವಿಲ್ಲದ ಕೆಂಪು ಜೇಡಿ. ಅದರ ಕೆಳಗೆ ಮುರಕಲ್ಲು. ದೊಡ್ಡ ಕೊಳವೆಗಳಿಗೆ ಒಂದು ಮೀಟರಿಗಿಂತ ಹೆಚ್ಚು ಆಳದ ಕಣಿ ಬೇಕು. ತೋಡಿದ್ದನ್ನೆಲ್ಲ ಒಂದೇ ರಾಶಿ ಹಾಕಿ ಮುಚ್ಚಿದರೆ ಜೇಡಿಯೂ ಕಲ್ಲೂ ಮೇಲಕ್ಕೆ ಬಂದು, ಸಾರವು ಅಡಿಗೆ ಸೇರುತ್ತದೆ. ಮೇಲ್ಮಣ್ಣನ್ನು ಒಂದು ಬದಿಗೆ, ಕೆಳಮಣ್ಣನ್ನು ಇನ್ನೊಂದು ಬದಿಗೆ ಹಾಕಿಸಿ, ಮುಚ್ಚುವಾಗ ಅದೇ ಕ್ರಮದಲ್ಲಿ ಮುಚ್ಚಿಸಬೇಕು. ಇದನ್ನು ಕೆಲಸ ಆರಂಭವಾಗುವ ಮೊದಲೇ ಮೇಲ್ವಿಚಾರಕರಿಗೆ ಲಿಖಿತವಾಗಿ ತಿಳಿಸುವುದು ಲೇಸು. ಯಂತ್ರಗಳು ಒಂದೇ ದಾರಿಯಲ್ಲಿ ಓಡಾಡುವಂತೆಯೂ ನೋಡಿಕೊಳ್ಳಬೇಕು. ಅಡಿಕೆಯ ಬೇರುಗಳು ಹೆಚ್ಚಾಗಿ ಮೇಲ್ಪದರದಲ್ಲಿಯೇ ಹರಡಿರುವುದರಿಂದ ಯಂತ್ರದ ಭಾರಕ್ಕೆ ಮಣ್ಣು ಗಟ್ಟಿಯಾದರೆ ಅವುಗಳಿಗೆ ಗಾಳಿ ದೊರೆಯದು.

ಮಣ್ಣಿನ ಬಳಿಕ ನೀರು. ಈ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರು ಮಳೆ ಬೀಳುತ್ತದೆ. ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ. ಹೊಸದಾಗಿ ಮುಚ್ಚಿದ ಕಣಿ ಮೊದಲ ಮಳೆಗೆ ಕುಸಿದು, ತಾನೇ ಒಂದು ತೋಡಾಗಿ ಹರಿಯತೊಡಗುತ್ತದೆ. ಹಾಗಾಗದಂತೆ ಮಣ್ಣನ್ನು ದಿಣ್ಣೆಯಾಗಿ ಏರಿಸಬೇಕು. ಇಳಿಜಾರಿನಲ್ಲಿ ಅಲ್ಲಲ್ಲಿ ಅಡ್ಡಬದು ಹಾಕಬೇಕು. ಮುಚ್ಚಿಹೋದ ಬಸಿಗಾಲುವೆಗಳನ್ನು ಮಳೆಗಿಂತ ಮೊದಲೇ ಬಿಡಿಸಬೇಕು. ನೀರು ನಿಂತ ತೋಟದಲ್ಲಿ ಅಡಿಕೆಯ ಬೇರು ಕೊಳೆಯುತ್ತದೆ.

ಬಯಲಾದ ಅಂಚಿನ ಮರಗಳಿಗೆ ಬಿಸಿಲು ತಾಗುವ ಬದಿಯಲ್ಲಿ ಅಡಿಕೆಯ ಸೋಗೆಯನ್ನೋ ಹಾಳೆಯನ್ನೋ ಕಟ್ಟಬೇಕು, ಇಲ್ಲವೆ ಸುಣ್ಣ ಬಳಿಯಬೇಕು. ಪಟ್ಟಿಯ ಹೊರಗೆ ಬೇಗ ಬೆಳೆಯುವ ನೆರಳಿನ ಗಿಡಗಳನ್ನು ಎಬ್ಬಿಸಬಹುದು. ಪಟ್ಟಿಯೊಳಗೆ ಮೊದಲ ವರ್ಷ ಸೆಣಬು, ಹುರುಳಿ, ಅಲಸಂಡೆಗಳನ್ನು ಬಿತ್ತಿದರೆ ಮಣ್ಣು ಸಡಿಲವಾಗಿ ಸಾರ ಮರಳುತ್ತದೆ. ಆಮೇಲೆ ಹರಿವೆ, ಸೌತೆಯಂತಹ ಬೇರು ಆಳಕ್ಕಿಳಿಯದ ತರಕಾರಿಗಳನ್ನು ಬೆಳೆಸಬಹುದು.

ಹೀಗೆ ಕಾಪಾಡಿದ ತೋಟದಲ್ಲಿ ಒಂದೆರಡು ಮಳೆಗಾಲಗಳ ಬಳಿಕ ಆ ಹಾದಿಯ ಮೇಲೆ ಸೌತೆಬಳ್ಳಿ ಹಬ್ಬಿರುತ್ತದೆ. ಅದರ ಅಡಿಯಲ್ಲಿ ದೂರದ ನಗರದ ವಾಹನಗಳಿಗೆ ಬೇಕಾದ ಇಂಧನ ಸದ್ದಿಲ್ಲದೆ ಹರಿಯುತ್ತಿರುತ್ತದೆ. ಮನೆಯವರು ಕಳೆದುಕೊಂಡ ಅಡಿಕೆಯ ಸಾಲು ಹಿಂದಿರುಗಿಲ್ಲ, ನಿಜ. ಆದರೆ ಮಣ್ಣು ಉಳಿದಿದೆ. ಆ ಇಂಧನವನ್ನು ಬಳಸುವವರು ಅದು ಯಾರ ತೋಟದ ಅಡಿಯಿಂದ ಬಂದಿತೆಂಬುದನ್ನು ಒಮ್ಮೆಯಾದರೂ ನೆನೆಯುವುದು ನ್ಯಾಯ.

ಅಭ್ಯಾಸ

1. ಈ ತಾಲೂಕುಗಳಲ್ಲಿ ಎಳೆದ ನೇರ ಗೆರೆ ತೋಟವನ್ನು ಸೀಳಿಯೇ ಹೋಗುವುದೇಕೆ?
2. ನಡುವಿನ ಸಾಲುಗಳನ್ನು ಕಡಿದರೆ ಉಳಿದ ಅಡಿಕೆಮರಗಳಿಗೆ ಏನಾಗುತ್ತದೆ?
3. ಮೇಲ್ಮಣ್ಣನ್ನೂ ಕೆಳಮಣ್ಣನ್ನೂ ಬೇರೆ ಬೇರೆಯಾಗಿ ಹಾಕಿಸಬೇಕು, ಏಕೆ?
4. ‘ಪರಿಹಾರವೆಂಬುದು ಯಾರ ಕೃಪೆಯೂ ಅಲ್ಲ.’ ಈ ಮಾತನ್ನು ನಿಮ್ಮ ಮಾತುಗಳಲ್ಲಿ ವಿವರಿಸಿರಿ.